ಸೂಪರ್‌ಸ್ಪೆಷಾಲಿಟಿ ಫೆಲೋಶಿಪ್: ಕೆನಡಾ–ಅಮೆರಿಕ ಗಡಿ ದಾಟುವ ಅರ್ಜಿ

ಇಂಟರ್ನಲ್ ಮೆಡಿಸಿನ್, ಮಕ್ಕಳ ವೈದ್ಯಕೀಯ, ಶಸ್ತ್ರಚಿಕಿತ್ಸೆಯಂಥ ಮೂಲ ವಿಭಾಗದಲ್ಲಿ ರೆಸಿಡೆನ್ಸಿ ಮುಗಿಸಿದ ವೈದ್ಯರು ಹೃದ್ರೋಗ, ಮೂತ್ರಪಿಂಡ, ರಕ್ತರೋಗ, ಕ್ಯಾನ್ಸರ್ ಮುಂತಾದ ಒಂದೇ ಕವಲಿನಲ್ಲಿ ಪಳಗಲು ಪಡೆಯುವ ಮುಂದಿನ ಹಂತದ ತರಬೇತಿಯೇ ಫೆಲೋಶಿಪ್. ಕರ್ನಾಟಕದಲ್ಲಿ ಎಂ.ಡಿ. ನಂತರ ಡಿ.ಎಂ., ಎಂ.ಎಸ್. ನಂತರ ಎಂ.ಸಿಎಚ್. ಓದುವುದಕ್ಕೆ ಇದು ಹತ್ತಿರದ್ದು. ಕೆನಡಾದಲ್ಲಿ ರೆಸಿಡೆನ್ಸಿ ಮಾಡಿದವರು ಅಮೆರಿಕದಲ್ಲಿ, ಅಮೆರಿಕದಲ್ಲಿ ಮಾಡಿದವರು ಕೆನಡಾದಲ್ಲಿ ಈ ತರಬೇತಿಗೆ ಅರ್ಜಿ ಹಾಕುವುದು ಹಳೆಯ ರೂಢಿ. ಎರಡೂ ದೇಶಗಳ ವೈದ್ಯಕೀಯ ಶಿಕ್ಷಣ ಒಂದೇ ಬೇರಿನಿಂದ ಬೆಳೆದದ್ದು; ಭಾಷೆ, ಪಠ್ಯಪುಸ್ತಕ, ಚಿಕಿತ್ಸಾಕ್ರಮ ಬಹುಪಾಲು ಒಂದೇ. ಹಾಗಾಗಿ ಗಡಿ ದಾಟುವುದು ಸುಲಭವೆಂದು ಹೊರಗಿನವರಿಗೆ ತೋರುತ್ತದೆ. ಆದರೆ ಅರ್ಜಿದಾರರು ನಾಲ್ಕು ಬೇರೆ ಬೇರೆ ವ್ಯವಸ್ಥೆಗಳ ಒಪ್ಪಿಗೆ ಪಡೆಯಬೇಕು: ಹಿಂದಿನ ತರಬೇತಿಗೆ ಮಾನ್ಯತೆ ಕೊಡುವ ಮಂಡಳಿ, ಸೀಟು ಹಂಚುವ ಮ್ಯಾಚ್, ವೈದ್ಯವೃತ್ತಿಯ ಪರವಾನಗಿ ಕೊಡುವ ರಾಜ್ಯ ಅಥವಾ ಪ್ರಾಂತ್ಯದ ಸಂಸ್ಥೆ, ವೀಸಾ ಇಲಾಖೆ. ಒಂದರ ಒಪ್ಪಿಗೆ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಮ್ಯಾಚ್‌ನಲ್ಲಿ ಸೀಟು ಸಿಕ್ಕಿಯೂ ವೀಸಾ ಸಿಗದೆ ಉಳಿದವರಿದ್ದಾರೆ. ತರಬೇತಿ ಚೆನ್ನಾಗಿ ಮುಗಿಸಿ ಊರಿಗೆ ಮರಳಿದ ಮೇಲೆ ಅದರಲ್ಲಿ ಒಂದು ವರ್ಷ ಲೆಕ್ಕಕ್ಕೇ ಬರಲಿಲ್ಲವೆಂದು ತಿಳಿದವರೂ ಇದ್ದಾರೆ.

ಹಿನ್ನೆಲೆ

ರೆಸಿಡೆನ್ಸಿ ಪದ್ಧತಿಗೆ ಅಮೆರಿಕದಲ್ಲಿ ರೂಪ ಕೊಟ್ಟವರಲ್ಲಿ ಮುಖ್ಯರಾದ ವಿಲಿಯಂ ಆಸ್ಲರ್ ಹುಟ್ಟಿದ್ದು 1849ರಲ್ಲಿ, ಒಂಟಾರಿಯೊದ ಬಾಂಡ್ ಹೆಡ್ ಎಂಬ ಹಳ್ಳಿಯಲ್ಲಿ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ 1872ರಲ್ಲಿ ಪದವಿ ಪಡೆದ ಅವರು 1884ರಲ್ಲಿ ಫಿಲಡೆಲ್ಫಿಯಾಕ್ಕೆ, 1889ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋದರು. ಕಲಿಯುವ ವೈದ್ಯರು ಆಸ್ಪತ್ರೆಯಲ್ಲೇ ವಾಸವಿದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಪಳಗುವ ಕ್ರಮ ಅಲ್ಲಿ ನೆಲೆಗೊಂಡಿತು. ಎದುರು ದಿಕ್ಕಿನ ಪಯಣಕ್ಕೆ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಸಾಕ್ಷಿ. ಅಮೆರಿಕದ ಸ್ಪೋಕೇನ್‌ನಲ್ಲಿ 1891ರಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಆಸ್ಲರ್ ಅವರ ಒಡನಾಟ ಪಡೆದ ಅವರು 1928ರಲ್ಲಿ ಮಾಂಟ್ರಿಯಲ್‌ಗೆ ಬಂದು, 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯನ್ನು ತೆರೆದರು. ಅಪಸ್ಮಾರದ ಶಸ್ತ್ರಚಿಕಿತ್ಸೆ ಕಲಿಯಲು ಜಗತ್ತಿನ ವೈದ್ಯರು ಅಲ್ಲಿಗೆ ಬರತೊಡಗಿದರು.

ಎರಡು ದೇಶಗಳ ಕಾಲೇಜುಗಳನ್ನು ಒಂದೇ ಅಳತೆಗೋಲಿನಿಂದ ನೋಡುವ ಅಭ್ಯಾಸ 1910ರ ಫ್ಲೆಕ್ಸ್‌ನರ್ ವರದಿಯಲ್ಲೇ ಕಾಣುತ್ತದೆ. ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಅದು. ಮುಂದೆ 1942ರಲ್ಲಿ ಹುಟ್ಟಿದ ಎಲ್‌ಸಿಎಂಇ ಎಂಬ ಸಮಿತಿ ಎರಡೂ ಕಡೆಯ ಎಂ.ಡಿ. ಪದವಿಗೆ ಮಾನ್ಯತೆ ಕೊಡುತ್ತಿತ್ತು. ಅಲ್ಲಿ ಎಂ.ಡಿ. ಎಂದರೆ ಮೊದಲ ವೈದ್ಯಕೀಯ ಪದವಿ, ನಮ್ಮ ಎಂ.ಬಿ.ಬಿ.ಎಸ್.ಗೆ ಸಮಾನ. 1979ರಿಂದ ಕೆನಡಾದ ಸ್ವಂತ ಸಮಿತಿ ಸಿಎಸಿಎಂಎಸ್ ಕೂಡ ಜತೆಗೂಡಿತು. ಈ ಜಂಟಿ ಮುದ್ರೆ ಇದ್ದಷ್ಟು ಕಾಲ ಟೊರಾಂಟೊ ಪದವೀಧರರನ್ನು ಅಮೆರಿಕ ವಿದೇಶಿ ಪದವೀಧರರೆಂದು ಎಣಿಸುತ್ತಿರಲಿಲ್ಲ. 2025ರ ಜುಲೈ 1ರಿಂದ ಎಲ್‌ಸಿಎಂಇ ಕೆನಡಾದ ಕಾಲೇಜುಗಳಿಂದ ಹಿಂದೆ ಸರಿಯಿತು. ಈಗ ಅಲ್ಲಿ ಸಿಎಸಿಎಂಎಸ್ ಒಂದೇ ಉಳಿದಿದೆ. ಬೋಧನೆಯಲ್ಲಾಗಲಿ ಪಠ್ಯದಲ್ಲಾಗಲಿ ಏನೂ ಬದಲಾಗಿಲ್ಲ. ಆದರೂ ಆ ದಿನದ ನಂತರ ಪದವಿ ಪಡೆದವರು ತಮಗೆ ಯಾವ ಪ್ರಮಾಣಪತ್ರ ಬೇಕೆಂದು ಪ್ರತಿ ಆಸ್ಪತ್ರೆಯಲ್ಲೂ ಪ್ರತಿ ರಾಜ್ಯದ ಪರವಾನಗಿ ಮಂಡಳಿಯಲ್ಲೂ ಹೊಸದಾಗಿ ಕೇಳಿ ತಿಳಿಯಬೇಕಾಗಿದೆ. ಹಿರಿಯ ಸಹೋದ್ಯೋಗಿಯ ಅನುಭವವನ್ನು ನಂಬಿ ನಡೆಯುವ ದಾರಿ ಇಲ್ಲಿಗೆ ಮುಗಿದಿದೆ.

ತರಬೇತಿಯ ಮಾನ್ಯತೆ

ಅಮೆರಿಕದಲ್ಲಿ ರೆಸಿಡೆನ್ಸಿ ಮತ್ತು ಫೆಲೋಶಿಪ್ ಕೇಂದ್ರಗಳಿಗೆ ಮಾನ್ಯತೆ ಕೊಡುವುದು 1981ರಲ್ಲಿ ಸ್ಥಾಪನೆಯಾದ ಎಸಿಜಿಎಂಇ. ವೈದ್ಯರಿಗೆ ವ್ಯಕ್ತಿಶಃ ಪ್ರಮಾಣಪತ್ರ ಕೊಡುವುದು ಬೇರೆ ಮಂಡಳಿಗಳು. ಇಂಟರ್ನಲ್ ಮೆಡಿಸಿನ್‌ನಲ್ಲಿ ಅದು 1936ರ ಎಬಿಐಎಂ. ಕೆನಡಾದಲ್ಲಿ ಈ ಎರಡೂ ಕೆಲಸವನ್ನು 1929ರಲ್ಲಿ ಆರಂಭವಾದ, ಒಟ್ಟಾವಾದಲ್ಲಿರುವ ರಾಯಲ್ ಕಾಲೇಜು ಒಂದೇ ಮಾಡುತ್ತದೆ. ಕುಟುಂಬ ವೈದ್ಯಕೀಯಕ್ಕೆ ಮಾತ್ರ ಬೇರೆ ಕಾಲೇಜಿದೆ.

ಗಡಿ ದಾಟುವವರಿಗೆ ಆಧಾರವಾಗಿರುವುದು ಎಸಿಜಿಎಂಇಯ ಒಂದು ನಿಯಮ. ಫೆಲೋಶಿಪ್ ಸೇರಲು ಬೇಕಾದ ಹಿಂದಿನ ರೆಸಿಡೆನ್ಸಿ ಅಮೆರಿಕದ ಮಾನ್ಯ ಕೇಂದ್ರದಲ್ಲೇ ಆಗಿರಬೇಕೆಂದಿಲ್ಲ. ಕೆನಡಾದಲ್ಲಿ ರಾಯಲ್ ಕಾಲೇಜು ಅಥವಾ ಕುಟುಂಬ ವೈದ್ಯರ ಕಾಲೇಜಿನ ಮಾನ್ಯತೆ ಇರುವ ಕೇಂದ್ರದಲ್ಲಿ ಆಗಿದ್ದರೂ ಸಾಕು. ಎಸಿಜಿಎಂಇಯ ಅಂತರರಾಷ್ಟ್ರೀಯ ಶಾಖೆ ಮಾನ್ಯ ಮಾಡಿದ ಕೆಲವು ಕೇಂದ್ರಗಳನ್ನು ಬಿಟ್ಟರೆ ಬೇರೆ ದೇಶದ ತರಬೇತಿಗೆ ಈ ಬಾಗಿಲು ತೆರೆದಿಲ್ಲ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಎಂ.ಡಿ., ಡಿ.ಎಂ. ಎರಡನ್ನೂ ಮುಗಿಸಿದವರು ಅಮೆರಿಕಕ್ಕೆ ಹೋಗಿ ಮತ್ತೆ ಮೊದಲ ವರ್ಷದ ರೆಸಿಡೆಂಟ್ ಆಗುವುದಕ್ಕೆ ಇದೇ ಕಾರಣ. ಅಸಾಧಾರಣ ಅರ್ಹತೆಯವರಿಗೆ ವಿನಾಯಿತಿ ಕೊಡುವ ಅವಕಾಶ ನಿಯಮದಲ್ಲಿದೆ, ಆದರೆ ಎಲ್ಲ ಕವಲುಗಳೂ ಅದನ್ನು ಬಳಸುವುದಿಲ್ಲ.

ತೊಡಕು ಬರುವುದು ಅವಧಿಯಲ್ಲಿ. ಇಂಟರ್ನಲ್ ಮೆಡಿಸಿನ್‌ನ ಮೂಲ ತರಬೇತಿ ಎರಡೂ ಕಡೆ 3 ವರ್ಷ, ಜನರಲ್ ಸರ್ಜರಿ ಎರಡೂ ಕಡೆ 5 ವರ್ಷ. ಅಲ್ಲಿಂದಾಚೆ ಲೆಕ್ಕ ತಪ್ಪುತ್ತದೆ. ನರರೋಗ, ಅರಿವಳಿಕೆ, ಮನೋವೈದ್ಯಕೀಯ, ಚರ್ಮರೋಗ ಅಮೆರಿಕದಲ್ಲಿ 4 ವರ್ಷ, ಕೆನಡಾದಲ್ಲಿ 5. ಮಕ್ಕಳ ವೈದ್ಯಕೀಯ ಅಮೆರಿಕದಲ್ಲಿ 3, ಕೆನಡಾದಲ್ಲಿ 4. ಕುಟುಂಬ ವೈದ್ಯಕೀಯ ತಿರುಗುಮುರುಗು: ಅಮೆರಿಕದಲ್ಲಿ 3, ಕೆನಡಾದಲ್ಲಿ 2.

ಸೂಪರ್‌ಸ್ಪೆಷಾಲಿಟಿಗೆ ಬಂದರೆ ವ್ಯತ್ಯಾಸ ಇನ್ನೂ ಸೂಕ್ಷ್ಮ. ಜಠರ-ಕರುಳು ರೋಗ ವಿಭಾಗ ಕೆನಡಾದಲ್ಲಿ 2 ವರ್ಷ, ಅಮೆರಿಕದಲ್ಲಿ 3. ಕೆನಡಾದಲ್ಲಿ ಪೂರ್ಣ ಅರ್ಹತೆ ಪಡೆದ ತಜ್ಞರೂ ಅಮೆರಿಕದ ಮಂಡಳಿಯ ಪರೀಕ್ಷೆಗೆ ಕೂರಲು ಇನ್ನೊಂದು ವರ್ಷ ಹೊಂದಿಸಿಕೊಳ್ಳಬೇಕು. ರಕ್ತರೋಗ ಮತ್ತು ಕ್ಯಾನ್ಸರ್ ವೈದ್ಯಕೀಯ ಅಮೆರಿಕದಲ್ಲಿ ಸಾಮಾನ್ಯವಾಗಿ 3 ವರ್ಷದ ಜೋಡಿ ಫೆಲೋಶಿಪ್. ಕೆನಡಾದಲ್ಲಿ ಅವು ಎರಡು ಪ್ರತ್ಯೇಕ ಶಾಸ್ತ್ರಗಳು, ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ. ಶ್ವಾಸಕೋಶ ಮತ್ತು ತೀವ್ರನಿಗಾ ವಿಭಾಗಗಳ ಕಥೆಯೂ ಹಾಗೆಯೇ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಇಂಟರ್‌ವೆನ್ಷನಲ್ ಕಾರ್ಡಿಯಾಲಜಿ ಅಮೆರಿಕದಲ್ಲಿ ಮಂಡಳಿಯ ಪರೀಕ್ಷೆಯುಳ್ಳ ಪೂರ್ಣ ಸೂಪರ್‌ಸ್ಪೆಷಾಲಿಟಿ. ಕೆನಡಾ ಅದನ್ನು ಹೃದ್ರೋಗದೊಳಗಿನ ಒಂದು ಕೇಂದ್ರೀಕೃತ ಕೌಶಲವೆಂದು ಕಂಡು ಡಿಪ್ಲೊಮಾ ಕೊಡುತ್ತದೆ.

ಹೆಸರುಗಳಲ್ಲೂ ಎಚ್ಚರ ಬೇಕು. ಅಮೆರಿಕ ಫೆಲೋಶಿಪ್ ಎನ್ನುವ ಮಂಡಳಿ-ಮಾನ್ಯ ತರಬೇತಿಗೆ ಕೆನಡಾದಲ್ಲಿ ಸಬ್‌ಸ್ಪೆಷಾಲಿಟಿ ರೆಸಿಡೆನ್ಸಿ ಎನ್ನುತ್ತಾರೆ. ಕೆನಡಾದಲ್ಲಿ ಕ್ಲಿನಿಕಲ್ ಫೆಲೋ ಎಂದರೆ ಎಲ್ಲ ಪರೀಕ್ಷೆ ಮುಗಿಸಿ, ಯಕೃತ್ ಕಸಿಯನ್ನೋ ಪಾರ್ಶ್ವವಾಯು ಚಿಕಿತ್ಸೆಯನ್ನೋ ಇನ್ನೂ ಒಂದೆರಡು ವರ್ಷ ಆಳವಾಗಿ ಕಲಿಯುತ್ತಿರುವವರು. ಈ ಹುದ್ದೆಗಳಲ್ಲಿ ಹೆಚ್ಚಿನವು ಯಾವ ಪರೀಕ್ಷೆಗೂ ಕರೆದೊಯ್ಯುವುದಿಲ್ಲ. ಟೊರಾಂಟೊದಿಂದ ಬಂದ ನೇಮಕಪತ್ರದಲ್ಲಿ ಫೆಲೋ ಎಂದಿದ್ದರೆ ಅದು ಎರಡರಲ್ಲಿ ಯಾವುದೆಂದು ಮೊದಲು ನೋಡಬೇಕು.

ಅಮೆರಿಕಕ್ಕೆ ಹೋಗಿ ಕೆನಡಾಕ್ಕೆ ಮರಳುವ ಉದ್ದೇಶವಿದ್ದವರು ಹೊರಡುವ ಮುಂಚೆಯೇ ತರಬೇತಿಯ ವಿವರಗಳನ್ನು ರಾಯಲ್ ಕಾಲೇಜಿಗೆ ಕಳಿಸಿ, ಎಷ್ಟು ತಿಂಗಳು ಯಾವ ಪರೀಕ್ಷೆಗೆ ಲೆಕ್ಕವೆಂದು ಬರಹದಲ್ಲಿ ಪಡೆಯುವುದು ಈ ಇಡೀ ಪ್ರಕ್ರಿಯೆಯ ಅತಿ ಮುಖ್ಯ ಹೆಜ್ಜೆ. ಬಹಳ ಜನ ಇದನ್ನು ಕೊನೆಗೆ ಮಾಡುತ್ತಾರೆ.

ಏಕೆ ಹೋಗುತ್ತಾರೆ

ಅಪರೂಪದ ಚಿಕಿತ್ಸೆ ಕೆಲವೇ ಊರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಕೈ ಪಳಗಬೇಕಾದರೆ ಅಲ್ಲಿಗೇ ಹೋಗಬೇಕು. ಜಗತ್ತಿನ ಮೊದಲ ಯಶಸ್ವಿ ಶ್ವಾಸಕೋಶ ಕಸಿ 1983ರಲ್ಲಿ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ನಡೆಯಿತು. ತಂಡದ ನೇತೃತ್ವ ವಹಿಸಿದ್ದ ಜೋಯಲ್ ಕೂಪರ್ ಹುಟ್ಟಿನಿಂದ ಅಮೆರಿಕದವರು. ಐದು ವರ್ಷಗಳ ನಂತರ ಅಮೆರಿಕಕ್ಕೆ ಮರಳಿ ಸೇಂಟ್ ಲೂಯಿಸ್‌ನಲ್ಲೂ ಕಸಿ ಕೇಂದ್ರ ಕಟ್ಟಿದರು. ವಿದ್ಯೆ ಹೀಗೆ ಮನುಷ್ಯರ ಜತೆಗೇ ಗಡಿ ದಾಟುತ್ತದೆ.

ಇನ್ನೊಂದು ಕಾರಣ ಅಷ್ಟು ಉಲ್ಲಾಸದ್ದಲ್ಲ. ಕೆನಡಾದಲ್ಲಿ ಶಸ್ತ್ರಚಿಕಿತ್ಸಕರಿಗೆ ಕೆಲಸ ಸಿಗುವುದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಸಮಯ ಸಿಕ್ಕರೆ ಮಾತ್ರ, ಆ ಸಮಯಕ್ಕೆ ಸರ್ಕಾರದ ಬಜೆಟ್‌ನ ಮಿತಿ ಇದೆ. ಹೊಸದಾಗಿ ಪ್ರಮಾಣಪತ್ರ ಪಡೆದ ತಜ್ಞರಲ್ಲಿ ಸುಮಾರು ಶೇ. 16ರಷ್ಟು ಜನರಿಗೆ ಉದ್ಯೋಗ ಸಿಕ್ಕಿಲ್ಲವೆಂದು 2013ರಲ್ಲಿ ರಾಯಲ್ ಕಾಲೇಜಿನ ವರದಿಯೇ ಹೇಳಿತು. ರೋಗಿಗಳು ಸರದಿಯಲ್ಲಿ ಕಾಯುತ್ತಿರುವಾಗಲೇ ತಜ್ಞರು ಕೆಲಸಕ್ಕಾಗಿ ಕಾಯುವ ಈ ಸ್ಥಿತಿ ಆ ದೇಶದ ಆರೋಗ್ಯ ವ್ಯವಸ್ಥೆಯ ನಿಜವಾದ ಗಾಯ. ಕೆಲಸಕ್ಕೆ ಕಾಯುವ ವರ್ಷಗಳನ್ನು ಎರಡನೆಯ, ಮೂರನೆಯ ಫೆಲೋಶಿಪ್ ತುಂಬುತ್ತದೆ, ಅದು ಹಲವು ಸಲ ಗಡಿಯ ಆಚೆ ಇರುತ್ತದೆ.

ಅರ್ಜಿ ಮತ್ತು ಮ್ಯಾಚ್

ಅಮೆರಿಕದ ಬಹುತೇಕ ವೈದ್ಯಕೀಯ ಫೆಲೋಶಿಪ್‌ಗಳಿಗೆ ಅರ್ಜಿ ಹೋಗುವುದು ಇರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಇಂಟರ್ನಲ್ ಮೆಡಿಸಿನ್‌ನ ಕವಲುಗಳಲ್ಲಿ ಕೆಲಸ ಶುರುವಾಗುವುದು ಮುಂದಿನ ವರ್ಷದ ಜುಲೈನಲ್ಲಿ. ಅರ್ಜಿ ಹೋಗಬೇಕಾದ್ದು ಅದಕ್ಕೆ ಒಂದು ವರ್ಷ ಮುಂಚಿನ ಜುಲೈನಲ್ಲಿ. ಅಂದರೆ ರೆಸಿಡೆನ್ಸಿಯ ಮೂರನೆಯ ವರ್ಷಕ್ಕೆ ಕಾಲಿಡುವಾಗಲೇ ಶಿಫಾರಸು ಪತ್ರಗಳು, ವೈಯಕ್ತಿಕ ಹೇಳಿಕೆ, ಪ್ರಕಟಿತ ಬರಹಗಳ ಪಟ್ಟಿ ಸಿದ್ಧವಿರಬೇಕು. ಪ್ರತಿ ಕೇಂದ್ರಕ್ಕೆ ಹೆಚ್ಚೆಂದರೆ 4 ಪತ್ರ ಕಳಿಸಬಹುದು, ಅದರಲ್ಲಿ ಒಂದು ರೆಸಿಡೆನ್ಸಿ ನಿರ್ದೇಶಕರದ್ದು. ಕೆನಡಾದ ಗುರುಗಳು ಹೊಗಳುವುದರಲ್ಲಿ ಕೈಬಿಗಿ. ಅಮೆರಿಕದ ಪತ್ರಗಳು ಧಾರಾಳ. ತಮ್ಮ ಶಿಷ್ಯರ ಪತ್ರವನ್ನು ಧಾರಾಳ ಪತ್ರಗಳ ಕಟ್ಟಿನ ನಡುವೆ ಇಟ್ಟು ಓದುತ್ತಾರೆಂಬ ಅರಿವು ಬರೆಯುವವರಿಗೆ ಇರಬೇಕು. ಇಷ್ಟು ರೋಗಿಗಳನ್ನು ಸ್ವತಂತ್ರವಾಗಿ ನೋಡಿದರು, ಇಂಥ ರಾತ್ರಿ ಪಾಳಿಯಲ್ಲಿ ಇಂಥ ನಿರ್ಧಾರ ತೆಗೆದುಕೊಂಡರು ಎಂಬ ಒಂದು ನಿಖರ ಘಟನೆ ಹತ್ತು ವಿಶೇಷಣಗಳಿಗಿಂತ ಹೆಚ್ಚು ತೂಗುತ್ತದೆ. ಸಂದರ್ಶನಗಳು ಕೋವಿಡ್ ನಂತರ ಬಹುಪಾಲು ವಿಡಿಯೊದಲ್ಲೇ ನಡೆಯುತ್ತವೆ. ಹಿಂದೆ ಗಡಿಯಾಚೆಯಿಂದ ವಿಮಾನ ಟಿಕೆಟ್, ರಜೆ ಎರಡನ್ನೂ ಹೊಂದಿಸಬೇಕಿತ್ತು. ಈಗ ಆ ಹೊರೆ ಇಳಿದಿದೆ.

ಸೀಟು ಹಂಚುವುದು 1952ರಲ್ಲಿ ಆರಂಭವಾದ ಎನ್‌ಆರ್‌ಎಂಪಿ. ಅರ್ಜಿದಾರರು ಕೇಂದ್ರಗಳನ್ನು, ಕೇಂದ್ರಗಳು ಅರ್ಜಿದಾರರನ್ನು ತಮ್ಮ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುತ್ತಾರೆ. ಕಂಪ್ಯೂಟರ್ ಜೋಡಿ ಮಾಡುತ್ತದೆ. ನವೆಂಬರ್‌ನಲ್ಲಿ ಪಟ್ಟಿ, ಡಿಸೆಂಬರ್ ಆರಂಭದಲ್ಲಿ ಫಲಿತಾಂಶ. ಕಣ್ಣಿನ ಫೆಲೋಶಿಪ್‌ನಂಥವು ಎಸ್‌ಎಫ್ ಮ್ಯಾಚ್ ಎಂಬ ಬೇರೆ ವ್ಯವಸ್ಥೆಯಲ್ಲಿವೆ. ಹಲವು ಸಣ್ಣ ಕವಲುಗಳು ಯಾವ ಮ್ಯಾಚ್‌ಗೂ ಸೇರದೆ ನೇರವಾಗಿ ನೇಮಿಸಿಕೊಳ್ಳುತ್ತವೆ.

ಮ್ಯಾಚ್ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜಠರ-ಕರುಳು ವಿಭಾಗದ ಚರಿತ್ರೆಯಲ್ಲಿ ಒಳ್ಳೆಯ ಪಾಠವಿದೆ. 1986ರಲ್ಲಿ ಈ ವಿಭಾಗಕ್ಕೆ ಮ್ಯಾಚ್ ಬಂತು. 1996ರ ಹೊತ್ತಿಗೆ ತರಬೇತಿ ಮೂರು ವರ್ಷಕ್ಕೆ ಏರಿತು, ಸೀಟುಗಳನ್ನು ಇಳಿಸುವ ಯೋಜನೆಯೂ ಬಂತು. ಬರಬೇಕಾದಷ್ಟು ಅರ್ಜಿ ಬರಲಿಲ್ಲ. ಆಸ್ಪತ್ರೆಗಳು ಮ್ಯಾಚ್‌ಗೆ ಕಾಯದೆ ಮೊದಲೇ ಸೀಟು ಕೊಡತೊಡಗಿದವು. 2000ದ ವೇಳೆಗೆ ಮ್ಯಾಚ್ ಕುಸಿದುಬಿತ್ತು. ಬೇರೆಡೆ ವಿಚಾರಿಸಲು ಸಮಯ ಕೊಡದೆ ಉತ್ತರ ಕೇಳುವುದು ವಾಡಿಕೆಯಾಯಿತು. ಅರ್ಥಶಾಸ್ತ್ರಜ್ಞರಾದ ಮ್ಯೂರಿಯಲ್ ನೀಡರ್ಲೆ ಮತ್ತು ಆಲ್ವಿನ್ ರಾತ್ ಈ ಅವಧಿಯನ್ನು ಅಧ್ಯಯನ ಮಾಡಿ, ಮ್ಯಾಚ್ ಇಲ್ಲದ ವರ್ಷಗಳಲ್ಲಿ ಆಸ್ಪತ್ರೆಗಳು ತಮ್ಮದೇ ರೆಸಿಡೆಂಟರನ್ನು ಹೆಚ್ಚಾಗಿ ಉಳಿಸಿಕೊಂಡವು, ಊರು ಬದಲಿಸುವವರು ಕಡಿಮೆಯಾದರು ಎಂದು ತೋರಿಸಿದರು. 2006ರಲ್ಲಿ ಮ್ಯಾಚ್ ಮರಳಿ ಬಂತು. ಇಂಥ ಹಂಚಿಕೆಗಳ ಸಿದ್ಧಾಂತಕ್ಕೂ ಅದರ ಬಳಕೆಗೂ ರಾತ್ ಅವರಿಗೆ ಲಾಯ್ಡ್ ಶೇಪ್ಲಿ ಜತೆ 2012ರ ಅರ್ಥಶಾಸ್ತ್ರದ ನೊಬೆಲ್ ಸಂದಿತು. ದೂರದಿಂದ ಬರುವವರಿಗೆ, ಅದರಲ್ಲೂ ಗಡಿಯಾಚೆಯವರಿಗೆ, ಒಂದೇ ದಿನಾಂಕ ಮತ್ತು ಬಹಿರಂಗ ನಿಯಮವಿರುವ ಮ್ಯಾಚ್‌ಗಿಂತ ದೊಡ್ಡ ರಕ್ಷಣೆ ಬೇರಿಲ್ಲ.

ಕೆನಡಾದಲ್ಲಿ ಸೀಟು ಹಂಚುವ ಕೆಲಸವನ್ನು ಕಾರ್ಮ್ಸ್ ಸಂಸ್ಥೆ ಮಾಡುತ್ತದೆ. ಇಂಟರ್ನಲ್ ಮೆಡಿಸಿನ್‌ಗೂ ಮಕ್ಕಳ ವಿಭಾಗಕ್ಕೂ ಪ್ರತ್ಯೇಕ ಸಬ್‌ಸ್ಪೆಷಾಲಿಟಿ ಮ್ಯಾಚ್‌ಗಳಿವೆ. ಇದೂ ಶರತ್ಕಾಲದಲ್ಲೇ ನಡೆಯುವುದರಿಂದ ಎರಡು ದೇಶಗಳ ವೇಳಾಪಟ್ಟಿ ಒಂದರ ಮೇಲೊಂದು ಬೀಳುತ್ತದೆ. ಎರಡರ ಫಲಿತಾಂಶವೂ ಅರ್ಜಿದಾರರನ್ನು ಕಟ್ಟಿಹಾಕುವ ಒಪ್ಪಂದ. ಒಪ್ಪಂದ ಮುರಿದವರನ್ನು ಮುಂದಿನ ಮ್ಯಾಚ್‌ಗಳಿಂದ ಹೊರಗಿಡುವ ಅಧಿಕಾರ ಎನ್‌ಆರ್‌ಎಂಪಿಗಿದೆ. ಎರಡೂ ಕಡೆ ಅರ್ಜಿ ಹಾಕಿ ನೋಡೋಣ, ಆಮೇಲೆ ಆರಿಸಿಕೊಳ್ಳೋಣ ಎನ್ನುವುದು ಇಲ್ಲಿ ನಡೆಯದು. ಪಟ್ಟಿ ಸಲ್ಲಿಸುವ ಕೊನೆಯ ದಿನದೊಳಗೆ ಒಂದರಿಂದ ಹಿಂದೆ ಸರಿಯಬೇಕಾಗುತ್ತದೆ, ಆ ನಿರ್ಧಾರ ಮನೆಯವರೊಡನೆ ಕುಳಿತು ಮೊದಲೇ ಆಗಿರಬೇಕು.

ಪರೀಕ್ಷೆ, ಪರವಾನಗಿ

ಅಮೆರಿಕದ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ. ಕೆನಡಾದ್ದು ಎಂಸಿಸಿಕ್ಯುಇ, ಅದರ ಫಲವಾಗಿ ಎಲ್‌ಎಂಸಿಸಿ ಎಂಬ ಅರ್ಹತೆ. ಕೆನಡಾದ ಪದವೀಧರರು ಎಲ್‌ಎಂಸಿಸಿ ಆಧಾರದಿಂದಲೇ ಅಮೆರಿಕದ ಹಲವು ರಾಜ್ಯಗಳಲ್ಲಿ ಪರವಾನಗಿ ಪಡೆಯುತ್ತಾ ಬಂದಿದ್ದಾರೆ. ಆದರೆ ಪ್ರತಿ ರಾಜ್ಯದ ಮಂಡಳಿಗೂ ತನ್ನದೇ ನಿಯಮ. ಬೇಕಾದ ಆಸ್ಪತ್ರೆ ಇರುವ ರಾಜ್ಯ ಯುಎಸ್‌ಎಂಎಲ್‌ಇಯನ್ನೇ ಕೇಳಿದರೆ, ಕಾಲೇಜು ಬಿಟ್ಟು ಐದಾರು ವರ್ಷವಾದ ಮೇಲೆ ಬಯೋಕೆಮಿಸ್ಟ್ರಿ ತೆರೆದು ಕೂರಬೇಕು. ಆ ಬಳಲಿಕೆ ಅನುಭವಿಸಿದವರಿಗೇ ಗೊತ್ತು. ರೋಗಿಯನ್ನು ಮಾತನಾಡಿಸಿ ಪರೀಕ್ಷಿಸುವ ಕೌಶಲ ಅಳೆಯುತ್ತಿದ್ದ ಪರೀಕ್ಷೆಗಳನ್ನು ಎರಡೂ ದೇಶಗಳು 2021ರಲ್ಲೇ ನಿಲ್ಲಿಸಿದವು. ಯುಎಸ್‌ಎಂಎಲ್‌ಇ ಮೊದಲ ಹಂತ 2022ರ ಜನವರಿಯಿಂದ ಅಂಕವಿಲ್ಲದ, ಪಾಸು-ಫೇಲಿನ ಪರೀಕ್ಷೆ. ಆ ಹಂತದ ಅಂಕ ನೋಡಿ ಆರಿಸುವ ಅನುಕೂಲ ಕೇಂದ್ರಗಳಿಗೆ ಇಲ್ಲವಾಗಿ ಶಿಫಾರಸು ಪತ್ರ, ಸಂಶೋಧನೆಗಳ ಬೆಲೆ ಏರಿದೆ.

ಕೆನಡಾದಲ್ಲಿ ಪರವಾನಗಿ ಪ್ರಾಂತ್ಯದ್ದು. ಕ್ವೆಬೆಕ್‌ನಲ್ಲಿ ನೆಲೆಸಿ ವೃತ್ತಿ ನಡೆಸಲು ಫ್ರೆಂಚ್ ಬರಬೇಕು. ಬೇರೆ ಪ್ರಾಂತ್ಯಗಳು ಅಮೆರಿಕದ ತಜ್ಞರಿಗೆ ದಾರಿ ಸಡಿಲಿಸುತ್ತಿವೆ: ನೋವಾ ಸ್ಕೋಷಿಯಾ 2023ರಲ್ಲಿ, ಬ್ರಿಟಿಷ್ ಕೊಲಂಬಿಯಾ 2025ರ ಜುಲೈನಲ್ಲಿ, ಅಮೆರಿಕದ ಮಂಡಳಿ ಪ್ರಮಾಣಪತ್ರವಿದ್ದವರು ಮತ್ತೆ ಕೆನಡಾದ ಪರೀಕ್ಷೆ ಬರೆಯಬೇಕಿಲ್ಲವೆಂದು ನಿಯಮ ಬದಲಿಸಿದವು.

ವೀಸಾ

ಕೆನಡಾದ ಪೌರರು ಅಮೆರಿಕದಲ್ಲಿ ತರಬೇತಿ ಪಡೆಯಲು ಬಳಸುವ ಮುಖ್ಯ ದಾರಿ ಜೆ-1 ವೀಸಾ. ವೈದ್ಯರ ಜೆ-1ಗೆ ಪ್ರಾಯೋಜಕ ಸಂಸ್ಥೆ ಇಸಿಎಫ್‌ಎಂಜಿ. 1956ರಲ್ಲಿ ಹುಟ್ಟಿದ, ಫಿಲಡೆಲ್ಫಿಯಾದ ಈ ಸಂಸ್ಥೆಯೇ ವಿದೇಶಿ ಪದವೀಧರರ ಪ್ರಮಾಣಪತ್ರವನ್ನೂ ಕೊಡುತ್ತದೆ. ಮುಕ್ತ ವ್ಯಾಪಾರ ಒಪ್ಪಂದದಡಿ ಕೆನಡಾದ ವೃತ್ತಿಪರರಿಗೆ ಸುಲಭವಾಗಿ ಸಿಗುವ ಟಿಎನ್ ಎಂಬ ಉದ್ಯೋಗ ಅನುಮತಿ ಇಲ್ಲಿ ಉಪಯೋಗಕ್ಕಿಲ್ಲ. ವೈದ್ಯರಿಗೆ ಅದು ಬೋಧನೆ ಮತ್ತು ಸಂಶೋಧನೆಗೆ ಮಾತ್ರ.

ಜೆ-1ರ ಕಾಗದಗಳಲ್ಲಿ ಹೆಚ್ಚು ದಿನ ಹಿಡಿಯುವುದು ಅಗತ್ಯದ ಹೇಳಿಕೆ ಎಂಬ ಪತ್ರ. ಈ ಶಾಖೆಯ ತಜ್ಞರು ನಮ್ಮ ದೇಶಕ್ಕೆ ಬೇಕಾಗಿದ್ದಾರೆ, ಈ ವೈದ್ಯರು ಮರಳಿ ಬರುವುದಾಗಿ ಬರೆದುಕೊಟ್ಟಿದ್ದಾರೆ ಎಂದು ಸ್ವದೇಶದ ಆರೋಗ್ಯ ಸಚಿವಾಲಯ ಅಮೆರಿಕ ಸರ್ಕಾರಕ್ಕೆ ತಿಳಿಸುವ ಪತ್ರ ಅದು. ಕೆನಡಾದವರಿಗೆ ಒಟ್ಟಾವಾದ ಹೆಲ್ತ್ ಕೆನಡಾ ಕೊಡುತ್ತದೆ. ಪತ್ರ ಬಂದ ಮೇಲೆ ಇಸಿಎಫ್‌ಎಂಜಿ ಡಿಎಸ್-2019 ಎಂಬ ನಮೂನೆ ಹೊರಡಿಸುತ್ತದೆ. ಒಂದೊಂದು ವರ್ಷಕ್ಕೆ ಒಂದರಂತೆ, ಒಟ್ಟು ತರಬೇತಿ ಹೆಚ್ಚೆಂದರೆ 7 ವರ್ಷ. ಇದರ ನೋಂದಣಿಗೆ ಕಟ್ಟುವ ಸೆವಿಸ್ ಶುಲ್ಕ 220 ಡಾಲರ್. ಕೆನಡಾದ ಪೌರರು ಕಾನ್ಸುಲೇಟಿಗೆ ಹೋಗಿ ವೀಸಾ ಮುದ್ರೆ ಹಾಕಿಸಬೇಕಿಲ್ಲ. ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ವಲಸೆ ಅಧಿಕಾರಿಗಳು ಕೆನಡಾದ ನೆಲದಲ್ಲೇ ಕೂತಿರುತ್ತಾರೆ. ಡಿಎಸ್-2019, ಶುಲ್ಕದ ರಸೀದಿ, ನೇಮಕದ ಕರಾರು, ಪಾಸ್‌ಪೋರ್ಟ್ ತೋರಿಸಿದರೆ ಅಲ್ಲೇ ಪ್ರವೇಶ. ನಯಾಗರಾದ ಸೇತುವೆಯ ಮೇಲೆ ಕಾರಿನಲ್ಲಿ ಬಂದವರಿಗೂ ಇದೇ ಕ್ರಮ. ಪ್ರವೇಶ ಸಿಕ್ಕ ಕೂಡಲೇ ಐ-94 ಎಂಬ ಪ್ರವೇಶ ದಾಖಲೆಯಲ್ಲಿ ತಮ್ಮನ್ನು ಜೆ-1 ಎಂದೇ ಬರೆದುಕೊಂಡಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಪ್ರವಾಸಿ ಎಂದು ದಾಖಲಾದರೆ ಆಸ್ಪತ್ರೆ ಸಂಬಳ ಕೊಡುವಂತಿಲ್ಲ.

ತರಬೇತಿ ಮುಗಿದ ಮೇಲೆ ಜೆ-1 ವೈದ್ಯರು ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರುವವರೆಗೆ ಎಚ್-1ಬಿ ಉದ್ಯೋಗ ವೀಸಾವನ್ನಾಗಲಿ ಗ್ರೀನ್ ಕಾರ್ಡನ್ನಾಗಲಿ ಪಡೆಯುವಂತಿಲ್ಲ. ಊರಿಗೆ ಮರಳುವವರಿಗೆ ಈ ಷರತ್ತು ಭಾರವಲ್ಲ; ವಿನ್ನಿಪೆಗ್‌ನಲ್ಲಿ ಕೆಲಸಕ್ಕೆ ಸೇರಿದ ದಿನದಿಂದಲೇ ಅದು ತೀರುತ್ತಾ ಬರುತ್ತದೆ. ಅಮೆರಿಕದಲ್ಲೇ ಉಳಿಯುವವರಿಗೆ 1994ರ ಕಾನ್ರಾಡ್ ಕಾನೂನಿನ ವಿನಾಯಿತಿ ಇದೆ: ಪ್ರತಿ ರಾಜ್ಯ ವರ್ಷಕ್ಕೆ 30 ವೈದ್ಯರಿಗೆ ಶಿಫಾರಸು ಮಾಡಬಹುದು, ವೈದ್ಯರ ಕೊರತೆ ಇರುವ ಕಡೆ 3 ವರ್ಷ ದುಡಿಯಬೇಕು. ಕುಟುಂಬ ವೈದ್ಯರಿಗೆ ಇದು ಸಹಜವಾಗಿ ಒದಗುತ್ತದೆ. ಅತಿ ಸಣ್ಣ ಕವಲಿನ ತಜ್ಞರಿಗೆ ಅಂಥ ಊರಿನಲ್ಲಿ ಹುದ್ದೆಯೇ ಇರುವುದಿಲ್ಲ.

ಎಚ್-1ಬಿಯಲ್ಲಿ ಎರಡು ವರ್ಷದ ಷರತ್ತಿಲ್ಲ, ಅವಧಿ 6 ವರ್ಷ. ವಿಶ್ವವಿದ್ಯಾಲಯಗಳಿಗೆ ಸೇರಿದ ಆಸ್ಪತ್ರೆಗಳಿಗೆ ವಾರ್ಷಿಕ ಮಿತಿಯೂ ಇಲ್ಲ. ಆದರೂ ಬಹಳ ಕೇಂದ್ರಗಳು ಇದಕ್ಕೆ ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು ಅಧ್ಯಕ್ಷರ ಘೋಷಣೆ ಹೊರಬಿದ್ದ ಮೇಲೆ ಈ ದಾರಿ ಇನ್ನೂ ಕಿರಿದಾಯಿತು. ಸಂಸಾರಸ್ಥರು ಇನ್ನೊಂದನ್ನು ತೂಗಿ ನೋಡುತ್ತಾರೆ: ಜೆ-1ರವರ ಸಂಗಾತಿ ಅನುಮತಿ ಪಡೆದು ಕೆಲಸ ಮಾಡಬಹುದು, ಎಚ್-1ಬಿಯವರ ಸಂಗಾತಿಗೆ ಮೊದಲ ವರ್ಷಗಳಲ್ಲಿ ಸಾಮಾನ್ಯವಾಗಿ ಆ ಅವಕಾಶವಿಲ್ಲ.

ಕೆನಡಾದ ಕಡೆಗೆ

ಕೆನಡಾದ ಕ್ಲಿನಿಕಲ್ ಫೆಲೋ ಹುದ್ದೆಗಳಿಗೆ ಅರ್ಜಿ ನೇರವಾಗಿ ಆಸ್ಪತ್ರೆಯ ವಿಭಾಗಕ್ಕೆ ಹೋಗುತ್ತದೆ, ಎಷ್ಟೋ ಸಲ ಒಂದೂವರೆ-ಎರಡು ವರ್ಷ ಮುಂಚೆ. ಪ್ರಾಂತ್ಯದ ಪರವಾನಗಿ ಸಂಸ್ಥೆ ತರಬೇತಿಗೆ ಸೀಮಿತವಾದ ವೃತ್ತಿ ಪರವಾನಗಿ ಕೊಡುತ್ತದೆ. ಅದಲ್ಲದೆ ಆ ಆಸ್ಪತ್ರೆಗೆ ಮಾತ್ರ ಅನ್ವಯಿಸುವ ವರ್ಕ್ ಪರ್ಮಿಟ್ ಬೇಕು. ರೋಗಿಗಳ ಸಂಪರ್ಕದ ಕೆಲಸವಾದ್ದರಿಂದ ವಲಸೆ ಇಲಾಖೆಯ ವೈದ್ಯಕೀಯ ತಪಾಸಣೆ ಅಮೆರಿಕದವರಿಗೂ ತಪ್ಪದು. ಉತ್ತರ ಅಮೆರಿಕದ ಹೊರಗೆ ಕಲಿತವರು ಒಂಟಾರಿಯೊದಲ್ಲಿ ಮೊದಲ 4ರಿಂದ 12 ವಾರ ಮೌಲ್ಯಮಾಪನದ ಅವಧಿ ದಾಟಬೇಕು. ಅದರಲ್ಲಿ ಪಾಸಾಗದಿದ್ದರೆ ಫೆಲೋಶಿಪ್ ಅಲ್ಲಿಗೇ ನಿಲ್ಲುತ್ತದೆ. ಕಾನೂನು ರಕ್ಷಣೆಗೆ 1901ರಲ್ಲಿ ಸ್ಥಾಪನೆಯಾದ ಸಿಎಂಪಿಎ ಎಂಬ ವೈದ್ಯರ ಸಂಘದ ಸದಸ್ಯತ್ವ ಪಡೆಯುವುದು ವಾಡಿಕೆ.

ಈ ಹುದ್ದೆಗಳ ಸಂಬಳ ಯಾರು ಕೊಡುತ್ತಾರೆ ಎನ್ನುವುದು ಮುಖ್ಯ ಪ್ರಶ್ನೆ. ಸಬ್‌ಸ್ಪೆಷಾಲಿಟಿ ರೆಸಿಡೆಂಟರಿಗೆ ಪ್ರಾಂತ್ಯದ ಸರ್ಕಾರ ಕೊಡುತ್ತದೆ. ಕ್ಲಿನಿಕಲ್ ಫೆಲೋಗಳಿಗೆ ವಿಭಾಗದ ನಿಧಿಯಿಂದ, ಗುರುಗಳ ಗಳಿಕೆಯಿಂದ ಅಥವಾ ಅವರವರ ದೇಶದ ಸರ್ಕಾರದಿಂದ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೆನಡಾ ಮತ್ತು ಸೌದಿ ಅರೇಬಿಯಾ ನಡುವೆ ರಾಜತಾಂತ್ರಿಕ ಜಗಳವಾಗಿ, ಸೌದಿ ಸರ್ಕಾರ ತಾನು ಹಣ ಕೊಟ್ಟು ಕಳಿಸಿದ್ದ ನೂರಾರು ರೆಸಿಡೆಂಟರನ್ನೂ ಫೆಲೋಗಳನ್ನೂ ಮರಳಿ ಬರಲು ಹೇಳಿತು. ಟೊರಾಂಟೊ, ಮಾಂಟ್ರಿಯಲ್‌ನ ಆಸ್ಪತ್ರೆಗಳು ರಾತ್ರಿ ಪಾಳಿಗೆ ಯಾರನ್ನು ಹಾಕುವುದೆಂದು ಪರದಾಡಿದವು. ಕೊನೆಗೆ ಗಡುವು ಸಡಿಲವಾಯಿತು. ಕಲಿಯಲು ಬಂದವರೆಂದು ಕರೆಸಿಕೊಳ್ಳುವ ಈ ವೈದ್ಯರ ಹೆಗಲ ಮೇಲೆ ಆ ದೊಡ್ಡ ಆಸ್ಪತ್ರೆಗಳು ಎಷ್ಟು ನಿಂತಿವೆ ಎಂದು ಅಂದು ಎಲ್ಲರಿಗೂ ಕಂಡಿತು. ಹಾಗಿದ್ದೂ ಸಂಬಳವೇ ಇಲ್ಲದ ಫೆಲೋ ಹುದ್ದೆಗಳು ಇಂದಿಗೂ ಇರುವುದು ನ್ಯಾಯವಲ್ಲ.

ಅಮೆರಿಕದಲ್ಲಿ ತರಬೇತಿಯ ದೊಡ್ಡ ಪಾಲಿನ ಹಣ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯಿಂದ ಬರುತ್ತದೆ. 1997ರ ಬಜೆಟ್ ಕಾನೂನು ಅದಕ್ಕೆ ಮಿತಿ ಹಾಕಿತು. ಮೊದಲ ರೆಸಿಡೆನ್ಸಿಯ ಅವಧಿ ಮುಗಿಸಿದ ಫೆಲೋ ನೇರ ಅನುದಾನದ ಲೆಕ್ಕದಲ್ಲಿ ಅರ್ಧ ತಲೆ ಮಾತ್ರ.

ಭಾರತದ ವೈದ್ಯರಿಗೆ

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದಿ, ಕೆನಡಾದ ಕಾಯಂ ನಿವಾಸಿಯಾಗಿ ವಿನ್ನಿಪೆಗ್‌ನಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮಾಡುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ಒಬ್ಬ ವೈದ್ಯೆ ಕ್ಲೀವ್‌ಲ್ಯಾಂಡ್‌ನಲ್ಲಿ ಹೃದ್ರೋಗ ಫೆಲೋಶಿಪ್‌ಗೆ ಅರ್ಜಿ ಹಾಕಿದರೆಂದು ಇಟ್ಟುಕೊಳ್ಳಿ. ಅವರ ರೆಸಿಡೆನ್ಸಿಯನ್ನು ಎಸಿಜಿಎಂಇ ನಿಯಮ ಒಪ್ಪುತ್ತದೆ. ಆದರೆ ಪದವಿ ಭಾರತದ್ದಾದ್ದರಿಂದ ಇಸಿಎಫ್‌ಎಂಜಿ ಪ್ರಮಾಣಪತ್ರ ಬೇಕು, ಅದಕ್ಕೆ ಯುಎಸ್‌ಎಂಎಲ್‌ಇ ಬರೆಯಬೇಕು. ಪಿಯರ್ಸನ್‌ನಲ್ಲಿ ಕಾಗದ ತೋರಿಸಿ ಒಳಹೋಗುವ ಸೌಲಭ್ಯ ಕಾಯಂ ನಿವಾಸಿಗೆ ಇಲ್ಲ; ಕಾನ್ಸುಲೇಟಿನಲ್ಲಿ ಸಂದರ್ಶನವಾಗಿ ವೀಸಾ ಮುದ್ರೆ ಬೀಳಬೇಕು. 2025ರ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅಮೆರಿಕ ಹೊಸ ಜೆ-1 ಸಂದರ್ಶನಗಳನ್ನು ತಡೆಹಿಡಿದಾಗ ಕೆನಡಾದ ಪೌರರಿಗೆ ಅದು ತಟ್ಟಲಿಲ್ಲ. ಜುಲೈ 1ಕ್ಕೆ ಕೆಲಸಕ್ಕೆ ಹಾಜರಾಗಬೇಕಿದ್ದ ಭಾರತ, ಪಾಕಿಸ್ತಾನಗಳ ವೈದ್ಯರಿಗೆ ಅದು ನಿದ್ದೆಗೆಡಿಸಿದ ತಿಂಗಳು. ಅಗತ್ಯದ ಹೇಳಿಕೆ ಪೌರತ್ವದ ದೇಶದಿಂದ ಅಥವಾ ಕೊನೆಯ ಕಾಯಂ ನಿವಾಸದ ದೇಶದಿಂದ ಬರಬೇಕು. ಭಾರತದಲ್ಲಿ ಅದನ್ನು ಕೊಡುವುದು ದೆಹಲಿಯ ಆರೋಗ್ಯ ಸಚಿವಾಲಯ. ಯಾವ ದೇಶದ ಪತ್ರ ಎನ್ನುವುದು ಸಣ್ಣ ವಿವರವೆಂದು ತೋರಿದರೂ ಮುಂದೆ ಎರಡು ವರ್ಷ ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಅದರೊಂದಿಗೆ ಹೆಣೆದುಕೊಂಡಿದೆ. ಷರತ್ತು ಭಾರತದ್ದಾದರೆ ಕೆನಡಾದಲ್ಲಿ ಕಳೆದ ವರ್ಷಗಳು ಜಮೆಯಾಗುವುದಿಲ್ಲ. ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲವೆಂಬ ಪತ್ರವನ್ನು ವೈದ್ಯರಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಲ್ಲಿಸಿದೆ.

ಇನ್ನೊಂದು ಲೆಕ್ಕ ಎಲ್ಲರಿಗೂ ಹೊಳೆಯುವುದಿಲ್ಲ. ಕೆನಡಾದ ಕಾಯಂ ನಿವಾಸ ಉಳಿಯಬೇಕಾದರೆ ಪ್ರತಿ 5 ವರ್ಷದಲ್ಲಿ 730 ದಿನ ಆ ದೇಶದಲ್ಲಿರಬೇಕು. ಹೃದ್ರೋಗ ಫೆಲೋಶಿಪ್ 3 ವರ್ಷ. ಐದರಲ್ಲಿ ಮೂರು ಹೋದರೆ ಉಳಿಯುವುದು ಸರಿಯಾಗಿ 730. ಜತೆಗೆ ಒಂದು ತಿಂಗಳು ಧಾರವಾಡಕ್ಕೆ ಬಂದು ತಂದೆತಾಯಿಯನ್ನು ನೋಡಿ ಹೋದರೂ ಲೆಕ್ಕ ಕೊರತೆ ಬೀಳಬಹುದು. ಪೌರತ್ವಕ್ಕೆ ಬೇಕಾದ್ದು 5 ವರ್ಷದಲ್ಲಿ 1,095 ದಿನ. ರೆಸಿಡೆನ್ಸಿಯ ಅವಧಿಯಲ್ಲಿ ಅದು ತುಂಬುವವರು ಪೌರತ್ವ ಪಡೆದು ಆಮೇಲೆ ಗಡಿ ದಾಟಿದರೆ ಮೇಲೆ ಹೇಳಿದ ತೊಡಕುಗಳಲ್ಲಿ ಅರ್ಧದಷ್ಟು ಇಲ್ಲವಾಗುತ್ತವೆ. ಅದಕ್ಕೆ ಭಾರತದ ಪೌರತ್ವ ಬಿಡಬೇಕಾಗುತ್ತದೆ ಎಂಬ ನೋವು ಬೇರೆ.

ನಿಮ್ಹಾನ್ಸ್‌ನಲ್ಲೋ ಜಯದೇವದಲ್ಲೋ ಡಿ.ಎಂ. ಮುಗಿಸಿದವರಿಗೆ ಅಮೆರಿಕಕ್ಕಿಂತ ಕೆನಡಾದ ಬಾಗಿಲು ಹತ್ತಿರ. ಮತ್ತೆ ರೆಸಿಡೆನ್ಸಿ ಮಾಡದೆ ನೇರವಾಗಿ ಕ್ಲಿನಿಕಲ್ ಫೆಲೋ ಆಗಬಹುದು. ಕ್ಯಾಲ್ಗರಿಯ ಪಾರ್ಶ್ವವಾಯು ವಿಭಾಗ, ಟೊರಾಂಟೊದ ಕಸಿ ಮತ್ತು ಮಕ್ಕಳ ಆಸ್ಪತ್ರೆಗಳು ಹೀಗೆ ಹೊರದೇಶದ ತಜ್ಞರನ್ನು ತೆಗೆದುಕೊಳ್ಳುತ್ತವೆ. ಆದರೆ ರಾಯಲ್ ಕಾಲೇಜು ತಾನು ಒಪ್ಪುವ ತರಬೇತಿಯ ದೇಶಗಳ ಪಟ್ಟಿಯಲ್ಲಿ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ಸಿಂಗಪುರಗಳನ್ನು ಸೇರಿಸಿದ್ದರೂ ಭಾರತವನ್ನು ಸೇರಿಸಿಲ್ಲ. ಆದ್ದರಿಂದ ಫೆಲೋಶಿಪ್ ಮುಗಿದ ಮಾತ್ರಕ್ಕೆ ಅಲ್ಲಿ ತಜ್ಞರಾಗಿ ನೆಲೆಸುವ ಹಕ್ಕು ಬರುವುದಿಲ್ಲ. ಮರಳಿ ಬಂದವರ ವಿಷಯದಲ್ಲಿ ಭಾರತದ ನಿಯಮ ಉದಾರ: 2008ರ ಅಧಿಸೂಚನೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಜ್ಞರೆಂದು ಮಾನ್ಯರಾದವರ ಸ್ನಾತಕೋತ್ತರ ಅರ್ಹತೆಯನ್ನು ಒಪ್ಪುತ್ತದೆ. ಈ ಮಾನ್ಯತೆ ಮಂಡಳಿಯ ಪ್ರಮಾಣಪತ್ರಕ್ಕೆ. ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ಫೆಲೋಶಿಪ್ ಪತ್ರವನ್ನಷ್ಟೇ ತಂದವರು ತಜ್ಞರಾಗಿ ನೋಂದಾಯಿಸಲು ತಮ್ಮ ಭಾರತದ ಡಿ.ಎಂ. ಪದವಿಯನ್ನೇ ಆಧರಿಸಬೇಕು.